ಸೂರ್ಯನಲ್ಲಿ ಎಲೆಕ್ಟ್ರಾನುಗಳ ಓಟ

2024ರ ಅಕ್ಟೋಬರ್ 3, ಗುರುವಾರ. ಅಂದು ಬೆಳಿಗ್ಗೆ ಚಾಮುಂಡಿ ಬೆಟ್ಟದಲ್ಲಿ ಹಂಪ ನಾಗರಾಜಯ್ಯನವರು ಮೈಸೂರು ದಸರಾ ಉದ್ಘಾಟಿಸಿದ್ದರು. ಸಂಜೆ 5 ಗಂಟೆ 48 ನಿಮಿಷ. ಮಂಡ್ಯ ತಾಲ್ಲೂಕಿನ ಹೊಳಲಿನಲ್ಲಿ ಹೊತ್ತು ಮುಳುಗಲು ಅರ್ಧ ಗಂಟೆಯೂ ಉಳಿದಿರಲಿಲ್ಲ. ಆ ಗಳಿಗೆಯಲ್ಲಿ ಎಕ್ಸ್ 9 ದರ್ಜೆಯ (ಎಕ್ಸ್ ಎಂಬುದೇ ಜ್ವಾಲೆಗಳ ಅತಿ ಮೇಲಿನ ದರ್ಜೆ) ಸೌರಜ್ವಾಲೆಯೊಂದು ತನ್ನ ತುದಿ ಮುಟ್ಟಿತು ಎಂದು ಅಮೆರಿಕದ ಹವಾಮಾನ ಉಪಗ್ರಹಗಳು ದಾಖಲಿಸಿದವು. ಅಲ್ಲಿಯವರೆಗೆ ಈ ಸೌರಚಕ್ರದಲ್ಲಿ ಅಷ್ಟು ದೊಡ್ಡ ಜ್ವಾಲೆ ಎದ್ದಿರಲಿಲ್ಲ. ಹೊಳಲಿನ ಗದ್ದೆ ಬದುವಿನ ಮೇಲೆ ಯಾರಾದರೂ ಪಡುವಣಕ್ಕೆ ಮುಖ ಮಾಡಿ ನಿಂತಿದ್ದರೂ, ಮೋಡವೇ ಇಲ್ಲದಿದ್ದರೂ, ಅವರಿಗೆ ಏನೂ ಗೊತ್ತಾಗುತ್ತಿರಲಿಲ್ಲ. ಇಂಥ ಜ್ವಾಲೆಯಲ್ಲಿ ಸೂರ್ಯನ ಒಟ್ಟು ಬೆಳಕು ಸಾವಿರಕ್ಕೆ ಒಂದು ಪಾಲಿನಷ್ಟೂ ಹೆಚ್ಚುವುದಿಲ್ಲ.

ಹಾಗಿದ್ದರೆ ಅದನ್ನು ದೊಡ್ಡದು ಎನ್ನುವುದೇಕೆ? ದೊಡ್ಡ ಜ್ವಾಲೆಯೊಂದು ಕೆಲವೇ ನಿಮಿಷಗಳಲ್ಲಿ ಬಿಡುಗಡೆ ಮಾಡುವ ಶಕ್ತಿಯನ್ನು ಜೌಲ್ ಲೆಕ್ಕದಲ್ಲಿ ಬರೆಯಲು 1ರ ಮುಂದೆ 25 ಸೊನ್ನೆ ಹಾಕಬೇಕು. ಇಂದಿನ ದರದಲ್ಲಿ ಇಡೀ ಮನುಕುಲ ಹತ್ತು ಸಾವಿರ ವರ್ಷ ಖರ್ಚು ಮಾಡಿದರೂ ಮುಗಿಯದಷ್ಟು ಶಕ್ತಿ ಅದು. ಸೂರ್ಯನ ದಿನನಿತ್ಯದ ಬೆಳಕಿನ ಮುಂದೆ ಇದು ಲೆಕ್ಕಕ್ಕಿಲ್ಲ, ನಮ್ಮ ಮುಂದೆ ಬೆಟ್ಟ. ಅಚ್ಚರಿಯ ಸಂಗತಿ ಇನ್ನೊಂದಿದೆ. ಆ ಶಕ್ತಿಯ ಹತ್ತನೇ ಒಂದು ಭಾಗದಿಂದ ಹಿಡಿದು ಕೆಲವೊಮ್ಮೆ ಅರ್ಧದಷ್ಟನ್ನು ಮೊದಲು ಹೊತ್ತೊಯ್ಯುವವು ಬೆಳಕಿನ ವೇಗದ ಮೂರನೇ ಒಂದು, ಅರ್ಧ, ಕೆಲವೊಮ್ಮೆ ಇನ್ನೂ ಹೆಚ್ಚು ವೇಗದಲ್ಲಿ ಓಡುವ ಕಣಗಳು. ಅವುಗಳಲ್ಲಿ ಎಲೆಕ್ಟ್ರಾನುಗಳದೇ ದೊಡ್ಡ ಪಾಲು. ಜ್ವಾಲೆಯೆಂದು ನಾವು ಚಿತ್ರದಲ್ಲಿ ನೋಡುವ ಹೊಳಪಿನ ಬಹುಭಾಗ ಈ ಓಟದ ಪರಿಣಾಮ.

ಅವುಗಳನ್ನು ಓಡಿಸಿದ್ದು ಯಾವುದು ಎನ್ನುವುದು ಸೌರವಿಜ್ಞಾನದಲ್ಲಿ ಇನ್ನೂ ತೀರ್ಮಾನವಾಗದ ವ್ಯಾಜ್ಯ. ಪಠ್ಯಪುಸ್ತಕಗಳು ಒಂದು ಚಿತ್ರ ಬರೆದು, ಕಾಂತರೇಖೆಗಳು ತುಂಡಾಗಿ ಕೂಡಿಕೊಂಡವು, ಶಕ್ತಿ ಹೊರಬಿತ್ತು ಎಂದು ಹೇಳಿ ಕೈತೊಳೆದುಕೊಳ್ಳುತ್ತವೆ. ಆ ಚಿತ್ರ ತಪ್ಪಲ್ಲ, ಆದರೆ ಅದು ಉತ್ತರದ ಅರ್ಧ ಮಾತ್ರ.

ಮೊದಲು ಆ ಅರ್ಧವನ್ನೇ ನೋಡೋಣ. ಸೂರ್ಯನ ಹೊರ ವಾತಾವರಣವಾದ ಕರೋನಾ ಹತ್ತಿಪ್ಪತ್ತು ಲಕ್ಷ ಡಿಗ್ರಿ ಬಿಸಿ ಇದ್ದರೂ ಬಹಳ ತೆಳು. ಅಲ್ಲಿ ಅನಿಲದ ಒತ್ತಡಕ್ಕಿಂತ ಕಾಂತಕ್ಷೇತ್ರದ ಬಲವೇ ಹೆಚ್ಚು. ಸೂರ್ಯಕಲೆಗಳ ಬುಡದಲ್ಲಿ ದ್ರವ್ಯ ಅತ್ತಿತ್ತ ಹರಿದಾಡುತ್ತಿರುತ್ತದೆ. ಅಲ್ಲಿಂದ ಮೇಲೆದ್ದು ಕಮಾನಿನಂತೆ ಬಾಗಿದ ಕಾಂತರೇಖೆಗಳು ಇದರಿಂದ ದಿನಗಟ್ಟಲೆ ತಿರುಚಿಕೊಳ್ಳುತ್ತ ಹೋಗುತ್ತವೆ. ತಿರುಚಿದಷ್ಟೂ ಶಕ್ತಿ ಕೂಡಿಡುತ್ತವೆ. ಒಂದು ಹಂತದಲ್ಲಿ ವಿರುದ್ಧ ದಿಕ್ಕಿನ ಕ್ಷೇತ್ರಗಳು ಎದುರುಬದುರಾಗಿ ಒತ್ತಿಕೊಂಡು ನಡುವೆ ವಿದ್ಯುತ್ ಹರಿಯುವ ತೆಳು ಹಾಳೆಯೊಂದು ಮೂಡುತ್ತದೆ. ಅಲ್ಲಿ ರೇಖೆಗಳು ಹಳೆಯ ನಂಟು ಕಡಿದುಕೊಂಡು ಹೊಸದಾಗಿ ಜೋಡಣೆಯಾಗುತ್ತವೆ. ಹೊಸ ರೇಖೆಗಳು ಮೊದಲಿಗಿಂತ ಗಿಡ್ಡ, ಅವುಗಳಲ್ಲಿ ಬಿಗಿತವೂ ಕಡಿಮೆ. ಹೀಗೆ ಉಳಿತಾಯವಾದ ಶಕ್ತಿಯೇ ಜ್ವಾಲೆಯ ಬಂಡವಾಳ.

ಬ್ರಿಟನ್ನಿನ ಪೀಟರ್ ಸ್ವೀಟ್, ಅಮೆರಿಕದ ಯೂಜೀನ್ ಪಾರ್ಕರ್ 1950ರ ದಶಕದ ಕೊನೆಯಲ್ಲಿ ಇದಕ್ಕೆ ಗಣಿತದ ರೂಪ ಕೊಟ್ಟರು. ಅವರ ಲೆಕ್ಕದಲ್ಲಿ ಒಂದೇ ಒಂದು ತೊಡಕು. ಅದರ ಪ್ರಕಾರ ಜ್ವಾಲೆಯೊಂದು ಮುಗಿಯಲು ತಿಂಗಳುಗಳೇ ಬೇಕು, ನಿಜವಾದ ಜ್ವಾಲೆ ನಿಮಿಷಗಳಲ್ಲಿ ಮುಗಿಯುತ್ತದೆ. ಮುಂದಿನ ಅರ್ಧ ಶತಮಾನ ಈ ವೇಗದ ಅಂತರವನ್ನು ತುಂಬುವುದರಲ್ಲೇ ಕಳೆಯಿತು. ಉದ್ದನೆಯ ವಿದ್ಯುತ್ ಹಾಳೆ ಒಂದೇ ತುಂಡಾಗಿ ಉಳಿಯುವುದಿಲ್ಲ, ಅದು ಹರಿದು ನೂರಾರು ಸಣ್ಣ ಸಣ್ಣ ಕಾಂತ ಸುರುಳಿಗಳಾಗುತ್ತದೆ, ಆಗ ಜೋಡಣೆ ಬಲು ಬೇಗ ಸಾಗುತ್ತದೆ ಎಂಬುದು ಈಗ ಹೆಚ್ಚಿನವರು ಒಪ್ಪುವ ಮಾತು.

ಸರಿ, ಶಕ್ತಿ ಹೊರಬಂತು. ಅದು ಎಲೆಕ್ಟ್ರಾನುಗಳ ಕೈಗೆ ಹೋಗಿದ್ದು ಹೇಗೆ?

ಇಲ್ಲಿ ಬಿಸಿಗೂ ಓಟಕ್ಕೂ ಇರುವ ವ್ಯತ್ಯಾಸ ತಿಳಿಯಬೇಕು. ಮಂಡ್ಯ ಸೀಮೆಯ ಆಲೆಮನೆಯಲ್ಲಿ ಕೊಪ್ಪರಿಗೆಯ ಕೆಳಗೆ ಉರಿ ಹಾಕಿದರೆ ಕಬ್ಬಿನ ಹಾಲಿಗೆಲ್ಲ ಬಿಸಿ ಹಂಚಿಹೋಗುತ್ತದೆ. ಹಾಲು ಕುದಿಯುತ್ತದೆ, ಉಕ್ಕುತ್ತದೆ, ಆದರೆ ಯಾವುದೋ ಒಂದು ಹನಿ ಮಾತ್ರ ಉಳಿದವುಗಳ ಪಾಲನ್ನೂ ಕಸಿದುಕೊಂಡು ಸೂರು ಹಾರಿ ಹೋಗುವುದಿಲ್ಲ. ಸೌರಜ್ವಾಲೆಯಲ್ಲಿ ಆಗುವುದು ಆ ಹನಿ ಹಾರುವ ಕೆಲಸ. ಶಾಂತ ಕರೋನಾದ ಎಲೆಕ್ಟ್ರಾನಿನ ಶಕ್ತಿ ನೂರು ಚಿಲ್ಲರೆ ಎಲೆಕ್ಟ್ರಾನ್ ವೋಲ್ಟ್. ಜ್ವಾಲೆಯಲ್ಲಿ ಕರೋನಾ ಎರಡು ಕೋಟಿ ಡಿಗ್ರಿಗೆ ಕಾದರೂ ಸರಾಸರಿ ಎರಡು ಮೂರು ಸಾವಿರ ಎಲೆಕ್ಟ್ರಾನ್ ವೋಲ್ಟ್ ದಾಟುವುದಿಲ್ಲ. ಆದರೆ ಅದೇ ಹೊತ್ತಿನಲ್ಲಿ ಐವತ್ತು ಸಾವಿರ, ಒಂದು ಲಕ್ಷ ಎಲೆಕ್ಟ್ರಾನ್ ವೋಲ್ಟಿನ ಕಣಗಳು ದಂಡಿಯಾಗಿ ಸಿಗುತ್ತವೆ. ಬರೀ ಬಿಸಿಯಿಂದ ಅಷ್ಟೊಂದು ಕಣಗಳು ಅಷ್ಟು ಎತ್ತರಕ್ಕೆ ಏರಲಾರವು. ಯಾವುದೋ ಯಂತ್ರ ಅವುಗಳನ್ನು ಆರಿಸಿ ಎಸೆಯುತ್ತಿದೆ.

ಎಸೆದ ಎಲೆಕ್ಟ್ರಾನುಗಳಿಗೆ ಎರಡು ದಾರಿ. ಕೆಲವು ಮುಚ್ಚಿದ ಕಾಂತ ಕಮಾನಿನ ಗುಂಟ ಕೆಳಗಿಳಿದು ಸೂರ್ಯನ ದಟ್ಟ ಪದರಕ್ಕೆ ಬಡಿಯುತ್ತವೆ. ಕೆಲವು ತೆರೆದ ರೇಖೆ ಸಿಕ್ಕಿ ಬಾಹ್ಯಾಕಾಶಕ್ಕೆ ಪರಾರಿಯಾಗುತ್ತವೆ. ಇಳಿದವನ್ನು ನೋಡುವ ಉಪಕರಣವೊಂದು ಬೆಂಗಳೂರಿನಲ್ಲಿ ತಯಾರಾಗಿದೆ, ಓಡಿಹೋದವನ್ನು ಕೇಳುವ ಆಂಟೆನಾಗಳು ಗೌರಿಬಿದನೂರಿನ ಬಯಲಿನಲ್ಲಿ ನಿಂತಿವೆ. ಒಂದೇ ಘಟನೆಯ ಎರಡೂ ತುದಿ ಹಿಡಿಯುವ ಅನುಕೂಲ ನಮ್ಮ ರಾಜ್ಯಕ್ಕೆ ಇದೆ. ನಮ್ಮಲ್ಲಿ ಎಷ್ಟು ಜನಕ್ಕೆ ಇದು ಗೊತ್ತು ಎನ್ನುವುದು ಬೇರೆ ಪ್ರಶ್ನೆ.

ಇಳಿದವುಗಳ ಕಥೆ ಮೊದಲು. ಇಪ್ಪತ್ತು ಸಾವಿರ ಕಿಲೋಮೀಟರ್ ಎತ್ತರದಿಂದ ಹೊರಟ ಎಲೆಕ್ಟ್ರಾನ್ ಒಂದು ಸೆಕೆಂಡಿನ ಏಳೆಂಟನೇ ಒಂದು ಭಾಗದಲ್ಲಿ ಕೆಳಗಿನ ವರ್ಣಗೋಳಕ್ಕೆ ಬಂದು ಅಪ್ಪಳಿಸುತ್ತದೆ. ದಟ್ಟ ಅನಿಲದಲ್ಲಿ ಅದು ಗಕ್ಕನೆ ನಿಲ್ಲುವಾಗ ಗಡಸು ಕ್ಷ-ಕಿರಣ ಹೊಮ್ಮುತ್ತದೆ. ಮಂಡ್ಯದ ಆಸ್ಪತ್ರೆಯ ಎಕ್ಸ್-ರೇ ಕೊಠಡಿಯಲ್ಲಿ ನಡೆಯುವ ಭೌತಶಾಸ್ತ್ರವೂ ಇದೇ. ಅಲ್ಲಿ ಎಲೆಕ್ಟ್ರಾನುಗಳನ್ನು ಟಂಗ್‌ಸ್ಟನ್ ಲೋಹಕ್ಕೆ ಬಡಿಸುತ್ತಾರೆ, ಇಲ್ಲಿ ಸೂರ್ಯ ತನಗೆ ತಾನೇ ಬಡಿದುಕೊಳ್ಳುತ್ತಾನೆ. ಸೌರಜ್ವಾಲೆಯ ಇಂಥ ಕಿರಣವನ್ನು ಮನುಷ್ಯ ಮೊದಲು ಹಿಡಿದದ್ದು 1958ರ ಮಾರ್ಚ್ 20ರಂದು. ಪೀಟರ್ಸನ್ ಮತ್ತು ವಿಂಕ್ಲರ್ ಎಂಬ ಅಮೆರಿಕದ ವಿಜ್ಞಾನಿಗಳು ಕ್ಯೂಬಾದ ಮೇಲೆ ಹಾರಿಸಿದ್ದ ಬಲೂನಿನ ಉಪಕರಣ ಅದನ್ನು ಗುರುತಿಸಿತು.

ಹೀಗೆ ಬಡಿದ ಎಲೆಕ್ಟ್ರಾನುಗಳ ಶಕ್ತಿಯಲ್ಲಿ ಲಕ್ಷಕ್ಕೆ ಒಂದು ಪಾಲಿನಷ್ಟು ಮಾತ್ರ ಕ್ಷ-ಕಿರಣವಾಗುತ್ತದೆ, ಮಿಕ್ಕಿದ್ದೆಲ್ಲ ಬಿಸಿ. ಅದಕ್ಕೇ ಕಂಡ ಕ್ಷ-ಕಿರಣದಿಂದ ಹಿಂದಕ್ಕೆ ಲೆಕ್ಕ ಹಾಕುತ್ತ ಹೋದರೆ ತಲೆ ತಿರುಗುವ ಸಂಖ್ಯೆ ಸಿಗುತ್ತದೆ. ದೊಡ್ಡ ಜ್ವಾಲೆಯಲ್ಲಿ ಪ್ರತಿ ಸೆಕೆಂಡಿಗೆ ಕೆಳಗೆ ಬೀಳುವ ಎಲೆಕ್ಟ್ರಾನುಗಳು 1ರ ಮುಂದೆ 36 ಸೊನ್ನೆಯಷ್ಟು. ತೂಕ ಕಟ್ಟಿದರೆ ಸೆಕೆಂಡಿಗೆ ಸುಮಾರು 900 ಟನ್. ತೂಕ ಅಷ್ಟೇನಲ್ಲ. ಕಷ್ಟವಿರುವುದು ಎಣಿಕೆಯಲ್ಲಿ. ಜ್ವಾಲೆ ಏಳುವ ಕರೋನಾದ ಭಾಗದಲ್ಲಿ ಇರುವ ಎಲ್ಲ ಎಲೆಕ್ಟ್ರಾನುಗಳನ್ನು ಕೂಡಿಸಿದರೂ ಈ ದರದಲ್ಲಿ ಕೆಲವು ಸೆಕೆಂಡುಗಳಲ್ಲಿ, ಹೆಚ್ಚೆಂದರೆ ಹತ್ತಿಪ್ಪತ್ತು ಸೆಕೆಂಡುಗಳಲ್ಲಿ ಖಾಲಿಯಾಗಬೇಕು. ಜ್ವಾಲೆಯೋ ನಿಮಿಷಗಟ್ಟಲೆ ಉರಿಯುತ್ತದೆ.

ಅಷ್ಟೇ ಅಲ್ಲ. ಇಷ್ಟು ಋಣ ವಿದ್ಯುದಂಶ ಒಂದೇ ದಿಕ್ಕಿಗೆ ಹರಿದರೆ ಅದರಿಂದ ಹುಟ್ಟುವ ಕಾಂತಕ್ಷೇತ್ರ ಸೂರ್ಯನಲ್ಲಿ ನಾವು ಕಾಣುವ ಯಾವ ಕ್ಷೇತ್ರಕ್ಕಿಂತಲೂ ಎಷ್ಟೋ ಪಟ್ಟು ಹೆಚ್ಚಾಗಬೇಕು. ಅಂಥದ್ದೇನೂ ಕಾಣುವುದಿಲ್ಲ. ಇದಕ್ಕೆ ಸಿಗುವ ಉತ್ತರ ಒಂದೇ. ಮೇಲಿನಿಂದ ವೇಗದ ಎಲೆಕ್ಟ್ರಾನುಗಳು ಇಳಿಯುತ್ತಿರುವಾಗಲೇ ಕೆಳಗಿನಿಂದ ನಿಧಾನದ ಎಲೆಕ್ಟ್ರಾನುಗಳು ಅಷ್ಟೇ ಸಂಖ್ಯೆಯಲ್ಲಿ ಮೇಲೇರುತ್ತಿರಬೇಕು. ಖಾಲಿಯಾದ ಜಾಗ ತುಂಬುವುದೂ ಹಾಗೆಯೇ, ವಿದ್ಯುತ್ ಲೆಕ್ಕ ಸರಿಹೋಗುವುದೂ ಹಾಗೆಯೇ. ಈ ವಾಪಸು ಪ್ರವಾಹ ಕಾಗದದ ಮೇಲೆ ಚೆನ್ನಾಗಿ ಕೂಡುತ್ತದೆ. ಅದನ್ನು ನೇರವಾಗಿ ತೋರಿಸುವುದು ಇನ್ನೂ ಕಷ್ಟದ ಕೆಲಸ. ನನ್ನನ್ನು ಕೇಳಿದರೆ, ಎಲೆಕ್ಟ್ರಾನಿಗೆ ಬೆಳಕಿನ ಅರ್ಧ ವೇಗ ಕೊಡುವುದು ದೊಡ್ಡ ಒಗಟಲ್ಲ, ಪ್ರಕೃತಿ ಅದನ್ನು ಬೇಕಾದಷ್ಟು ಕಡೆ ಮಾಡುತ್ತದೆ. ಇಷ್ಟೊಂದಕ್ಕೆ ಒಮ್ಮೆಗೇ ಕೊಡುವುದು ಹೇಗೆ ಎನ್ನುವುದೇ ಒಗಟು.

ಯಂತ್ರದ ಜಾಗದ ಬಗ್ಗೆ ಒಳ್ಳೆಯ ಸುಳಿವು ಸಿಕ್ಕಿದ್ದು ಜಪಾನಿನಿಂದ. 1992ರ ಜನವರಿ 13ರ ಜ್ವಾಲೆಯನ್ನು ಯೋಹ್‌ಕೋ ಉಪಗ್ರಹ ಚಿತ್ರಿಸಿತ್ತು. ಸತೋಶಿ ಮಸೂದಾ ಅದನ್ನು ಪರಿಶೀಲಿಸಿದಾಗ ಕಮಾನಿನ ಎರಡು ಪಾದಗಳಲ್ಲಿ ಗಡಸು ಕ್ಷ-ಕಿರಣ ಇತ್ತು, ಅದು ನಿರೀಕ್ಷಿತವೇ. ಜೊತೆಗೆ ಕಮಾನಿನ ನೆತ್ತಿಗಿಂತಲೂ ಮೇಲೆ, ಏನೂ ಇರಬಾರದ ತೆಳು ಜಾಗದಲ್ಲಿ, ಇನ್ನೊಂದು ಚುಕ್ಕೆ ಹೊಳೆಯುತ್ತಿತ್ತು. ಎಲೆಕ್ಟ್ರಾನುಗಳಿಗೆ ವೇಗ ಸಿಗುವುದು ಕಮಾನಿನ ಮೇಲ್ಗಡೆ ಎಂದು ನಂಬಲು ಅದು ಆಧಾರವಾಯಿತು.

2017ರ ಸೆಪ್ಟೆಂಬರ್ 10ರಂದು ಸೂರ್ಯನ ಅಂಚಿನಲ್ಲಿ ಎದ್ದ ಎಕ್ಸ್ 8.2 ಜ್ವಾಲೆ ಇನ್ನೂ ಮುಂದಕ್ಕೆ ಕರೆದೊಯ್ದಿತು. ಕ್ಯಾಲಿಫೋರ್ನಿಯಾದ ಓವೆನ್ಸ್ ಕಣಿವೆಯ ರೇಡಿಯೋ ದೂರದರ್ಶಕ ಜಾಲ ಅದನ್ನು ಸೆಕೆಂಡು ಸೆಕೆಂಡಿಗೆ ಹಲವು ತರಂಗಾಂತರಗಳಲ್ಲಿ ನೋಡಿತ್ತು. ಗ್ರೆಗರಿ ಫ್ಲೈಶ್‌ಮನ್ ಮತ್ತು ಸಂಗಡಿಗರು ಆ ದತ್ತಾಂಶದಿಂದ ಎರಡು ಸಂಗತಿ ಹೊರತೆಗೆದರು. 2020ರಲ್ಲಿ ಪ್ರಕಟಿಸಿದ್ದು: ಜ್ವಾಲೆಯ ಹೃದಯದಲ್ಲಿ ಕಾಂತಕ್ಷೇತ್ರ ಸೆಕೆಂಡಿಗೆ ಸುಮಾರು 5 ಗಾಸ್‌ನಂತೆ ಕುಸಿಯುತ್ತಿತ್ತು. ಅಂದರೆ ಬಂಡವಾಳ ಕರಗುವುದನ್ನು ಕಣ್ಣಾರೆ ಕಂಡಂತಾಯಿತು. 2022ರಲ್ಲಿ ಪ್ರಕಟಿಸಿದ್ದು ಇನ್ನೂ ದಿಟ್ಟ ಮಾತು: ಆ ಜಾಗದಲ್ಲಿದ್ದ ಹೆಚ್ಚೂಕಡಿಮೆ ಎಲ್ಲ ಎಲೆಕ್ಟ್ರಾನುಗಳೂ ವೇಗ ಪಡೆದಿದ್ದವು. ನೂರಕ್ಕೆ ಒಂದೋ ಎರಡೋ ಅಲ್ಲ, ಇಡೀ ಹಿಂಡು. ಕೊಪ್ಪರಿಗೆಯಲ್ಲಿ ಹಾಲೇ ಉಳಿಯಲಿಲ್ಲ.

ಇನ್ನು ಯಂತ್ರ ಯಾವುದು ಎನ್ನುವ ವಾದ. ಮುಖ್ಯ ಅಭ್ಯರ್ಥಿಗಳು ಮೂರು ಮತ್ತೊಂದು. ಮೊದಲನೆಯದು ನೇರ ವಿದ್ಯುತ್ ಕ್ಷೇತ್ರ. ಕಾಂತರೇಖೆಗಳು ಮರುಜೋಡಣೆಯಾಗುವಲ್ಲಿ ವಿದ್ಯುತ್ ಕ್ಷೇತ್ರ ಹುಟ್ಟಲೇಬೇಕು, ಅದು ಎಲೆಕ್ಟ್ರಾನನ್ನು ಎಳೆಯುತ್ತದೆ. ಕರೋನಾದಂಥ ವಿದ್ಯುದಂಶ ಹೊತ್ತ ಅನಿಲದಲ್ಲಿ, ಅಂದರೆ ಪ್ಲಾಸ್ಮಾದಲ್ಲಿ, ಒಂದು ವಿಚಿತ್ರವಿದೆ: ಎಲೆಕ್ಟ್ರಾನ್ ವೇಗವಾಗಿ ಹೋದಷ್ಟೂ ಅಕ್ಕಪಕ್ಕದ ಕಣಗಳ ತಡೆ ಕಡಿಮೆಯಾಗುತ್ತದೆ. ಒಂದು ಮಿತಿ ದಾಟಿದ ಮೇಲೆ ಅದನ್ನು ನಿಲ್ಲಿಸುವವರೇ ಇಲ್ಲ. 1959ರಲ್ಲಿ ಹ್ಯಾರಿ ಡ್ರೈಸರ್ ಈ ಮಿತಿಯನ್ನು ಲೆಕ್ಕ ಹಾಕಿದರು. ಆದರೆ ತೆಳು ಹಾಳೆಯ ಕಿರಿದಾದ ಜಾಗದಲ್ಲಿ ಎಷ್ಟು ಎಲೆಕ್ಟ್ರಾನುಗಳನ್ನು ಎಳೆದೀತು ಎಂಬಲ್ಲಿ ಈ ವಾದ ಸೊರಗುತ್ತದೆ.

ಎರಡನೆಯದು ಎನ್ರಿಕೊ ಫರ್ಮಿ 1949ರಲ್ಲಿ ವಿಶ್ವಕಿರಣಗಳಿಗಾಗಿ ಹೇಳಿದ ಉಪಾಯ. ಹೊಸದಾಗಿ ಜೋಡಣೆಯಾದ ಕಾಂತ ಸುರುಳಿ ರಭಸದಿಂದ ಕುಗ್ಗುತ್ತಿರುತ್ತದೆ. ಅದರೊಳಗೆ ಸಿಕ್ಕ ಎಲೆಕ್ಟ್ರಾನ್ ಒಂದು ತುದಿಯಿಂದ ಇನ್ನೊಂದು ತುದಿಗೆ ಓಡಾಡುತ್ತ, ತನ್ನತ್ತ ನುಗ್ಗಿಬರುವ ತುದಿಯಿಂದ ಪ್ರತಿ ಬಾರಿ ತಿರುಗುವಾಗಲೂ ಒಂದಿಷ್ಟು ಶಕ್ತಿ ಗಳಿಸುತ್ತದೆ. ಸೆಕೆಂಡಿಗೆ ಅನೇಕ ಸಲ ತಿರುಗಿದರೆ ಗಳಿಕೆ ಏರುತ್ತಲೇ ಹೋಗುತ್ತದೆ. ಜೇಮ್ಸ್ ಡ್ರೇಕ್ ಮತ್ತವರ ತಂಡ 2006ರಲ್ಲಿ ಇದನ್ನು ಹರಿದ ಹಾಳೆಯ ಸಣ್ಣ ಸುರುಳಿಗಳಿಗೆ ಅನ್ವಯಿಸಿತು. ಸುರುಳಿಗಳು ನೂರಾರು ಇದ್ದರೆ ಯಂತ್ರಗಳೂ ನೂರಾರು, ಆಗ ಇಡೀ ಹಿಂಡನ್ನು ಓಡಿಸುವುದು ಸಾಧ್ಯ. ಎಣಿಕೆಯ ಒಗಟಿಗೆ ಈ ಉತ್ತರವೇ ಹೆಚ್ಚು ಹೊಂದುತ್ತದೆ ಎಂದು ನನಗೆ ಅನಿಸುತ್ತದೆ.

ಮೂರನೆಯದು ಪ್ರಕ್ಷುಬ್ಧತೆ: ಎಲ್ಲ ಗಾತ್ರದ ಅಲೆಗಳು ಎದ್ದು ಕಣಗಳನ್ನು ಗೊತ್ತುಗುರಿಯಿಲ್ಲದೆ ತಳ್ಳುತ್ತ, ಒಟ್ಟಿನಲ್ಲಿ ವೇಗ ಹೆಚ್ಚಿಸುವುದು. ಮತ್ತೊಂದು, ಮೇಲಿನಿಂದ ಧುಮುಕುವ ಹರಿವು ಕಮಾನಿನ ನೆತ್ತಿಗೆ ಬಡಿದಲ್ಲಿ ಏಳುವ ಆಘಾತ ತರಂಗ. 2012ರ ಮಾರ್ಚ್ 3ರ ಜ್ವಾಲೆಯೊಂದರಲ್ಲಿ ಅದರ ಗುರುತು ಸಿಕ್ಕಿದೆ. ಇವೆಲ್ಲ ಒಂದೇ ಜ್ವಾಲೆಯ ಬೇರೆ ಬೇರೆ ಗಳಿಗೆಯಲ್ಲಿ ಪಾಳಿಯ ಮೇಲೆ ಕೆಲಸ ಮಾಡುತ್ತಿರಲೂಬಹುದು.

ಈಗ ನಮ್ಮ ಉಪಕರಣಗಳಿಗೆ ಬರೋಣ. 1975ರ ಏಪ್ರಿಲ್ 19ರಂದು ಮೇಲೇರಿದ ಆರ್ಯಭಟವನ್ನು ಉಡುಪಿಯ ಅದಮಾರಿನ ಯು.ಆರ್. ರಾವ್ ನೇತೃತ್ವದಲ್ಲಿ ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಕಟ್ಟಿದ್ದರು. ನಮ್ಮ ದೇಶದ ಆ ಮೊದಲ ಉಪಗ್ರಹದಲ್ಲೇ ಸೂರ್ಯನ ನ್ಯೂಟ್ರಾನ್ ಮತ್ತು ಗಾಮಾ ಕಿರಣ ಹುಡುಕುವ ಪ್ರಯೋಗವೊಂದಿತ್ತು. ಕೆಲವೇ ದಿನಗಳಲ್ಲಿ ವಿದ್ಯುತ್ ಪೂರೈಕೆ ಕೆಟ್ಟು ಪ್ರಯೋಗಗಳು ನಿಂತುಹೋದವು. ಇನ್ನು ಅದಾಗಿ ಸುಮಾರು ಅರ್ಧ ಶತಮಾನದ ಮೇಲಿನ ಮಾತು. 2023ರ ಸೆಪ್ಟೆಂಬರ್ 2ರಂದು ಹೊರಟ ಆದಿತ್ಯ-ಎಲ್1 ನೌಕೆಯ ಏಳು ಉಪಕರಣಗಳಲ್ಲಿ ಎರಡು, ರಾವ್ ಅವರ ಹೆಸರು ಹೊತ್ತ ಬೆಂಗಳೂರಿನ ಉಪಗ್ರಹ ಕೇಂದ್ರದಲ್ಲೇ ತಯಾರಾದವು: ಮೃದು ಕ್ಷ-ಕಿರಣ ನೋಡುವ ಸೋಲೆಕ್ಸ್, ಗಡಸು ಕ್ಷ-ಕಿರಣ ನೋಡುವ ಹೀಲಿಯೋಸ್. ನೌಕೆ ತನ್ನ ಜಾಗ ತಲುಪುವ ಮೊದಲೇ, ಅಕ್ಟೋಬರ್ 29ರ ಸುಮಾರಿಗೆ, ಹೀಲಿಯೋಸ್ ಜ್ವಾಲೆಯೊಂದರ ರಭಸದ ಘಟ್ಟವನ್ನು ದಾಖಲಿಸಿತು.

ಎರಡು ಉಪಕರಣ ಏಕೆ ಬೇಕು? ಗಡಸು ಕಿರಣ ಎಲೆಕ್ಟ್ರಾನುಗಳ ಬಡಿತವನ್ನು ಆ ಕ್ಷಣವೇ ತೋರಿಸುತ್ತದೆ. ಆ ಬಡಿತದಿಂದ ಕಾದ ಅನಿಲ ಮೇಲೆದ್ದು ಕಮಾನನ್ನು ತುಂಬಿ ಮೃದು ಕಿರಣ ಸೂಸುತ್ತದೆ, ಅದು ನಿಧಾನಕ್ಕೆ ಏರುತ್ತದೆ. ಮೃದು ಕಿರಣ ಏರುವ ದರ ಜ್ವಾಲೆಯ ಮೈಕ್ರೋವೇವ್ ಪ್ರಮಾಣಕ್ಕೆ ಹೊಂದುತ್ತದೆ ಎಂದು ವರ್ನರ್ ನ್ಯೂಪರ್ಟ್ 1968ರಲ್ಲಿ ಗುರುತಿಸಿದ್ದರು, ಗಡಸು ಕಿರಣಕ್ಕೂ ಅದೇ ನಂಟು ಇದೆ ಎಂದು ಆಮೇಲೆ ಕಂಡುಬಂತು. ಎರಡನ್ನೂ ಒಟ್ಟಿಗೆ ಅಳೆದರೆ ಜ್ವಾಲೆಯ ಬಿಸಿಯಲ್ಲಿ ಎಷ್ಟು ಎಲೆಕ್ಟ್ರಾನುಗಳಿಂದ ಬಂತು, ಎಷ್ಟು ಬೇರೆ ದಾರಿಯಿಂದ ಬಂತು ಎಂದು ಲೆಕ್ಕ ಕೇಳಬಹುದು. ನೌಕೆ ಇರುವ ಜಾಗ ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರ, ಅಲ್ಲಿ ರಾತ್ರಿಯೆಂಬುದಿಲ್ಲ. 2024ರ ಫೆಬ್ರವರಿ 23ರ ಬೆಳಗಿನ ಜಾವ ನಾಲ್ಕು ಗಂಟೆಗೆ, ಹೊಳಲಿನಲ್ಲಿ ಇನ್ನೂ ಕತ್ತಲಿರುವಾಗ, ಎಕ್ಸ್ 6.3 ಜ್ವಾಲೆಯೊಂದು ಎದ್ದಿತು. ಅದೇ ನೌಕೆಯ ನೇರಳಾತೀತ ದೂರದರ್ಶಕ ಸೂಟ್ ಅದನ್ನು ಚಿತ್ರಿಸಿತು. ಕೆಳಗಿನ ಪದರ ಹೊಳೆದದ್ದಕ್ಕೂ ಮೇಲಿನ ಕರೋನಾ ಕಾದದ್ದಕ್ಕೂ ನೇರ ನಂಟು ಕಂಡಿತು ಎಂದು ಇಸ್ರೊ ಮರುವರ್ಷ ತಿಳಿಸಿತು.

ಓಡಿಹೋದ ಎಲೆಕ್ಟ್ರಾನುಗಳಿಗೆ ಗೌರಿಬಿದನೂರು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ 1976ರ ಹೊತ್ತಿಗೆ ಅಲ್ಲಿ ರೇಡಿಯೋ ವೀಕ್ಷಣಾಲಯ ಶುರುಮಾಡಿದವು. ಸೂರ್ಯನ ರೇಡಿಯೋ ಚಿತ್ರ ತೆಗೆಯುವ ಆಂಟೆನಾ ಸಾಲು 1997ರಿಂದ ಕೆಲಸ ಮಾಡುತ್ತಿದೆ, 40ರಿಂದ 120 ಮೆಗಾಹರ್ಟ್ಸ್ ನಡುವೆ. ಕರೋನಾದ ಪ್ರತಿ ಎತ್ತರಕ್ಕೂ ಅಲ್ಲಿನ ಎಲೆಕ್ಟ್ರಾನ್ ಸಾಂದ್ರತೆಗೆ ತಕ್ಕ ಸಹಜ ಕಂಪನಾಂಕವಿದೆ. ವೇಗದ ಎಲೆಕ್ಟ್ರಾನುಗಳ ಹಿಂಡು ಹಾದುಹೋದರೆ ಆ ಕಂಪನ ಎದ್ದು ರೇಡಿಯೋ ಅಲೆಯಾಗುತ್ತದೆ. ಘನ ಸೆಂಟಿಮೀಟರಿಗೆ 18 ಕೋಟಿ ಎಲೆಕ್ಟ್ರಾನ್ ಇರುವಲ್ಲಿ 120 ಮೆಗಾಹರ್ಟ್ಸ್, 2 ಕೋಟಿ ಇರುವಲ್ಲಿ 40. ಹಿಂಡು ಮೇಲೇರಿದಂತೆ ದನಿ ಕೆಳಗಿಳಿಯುತ್ತದೆ, ಮೂರು ನಾಲ್ಕು ಸೆಕೆಂಡಿನಲ್ಲಿ ಇಡೀ ಪಟ್ಟಿ ದಾಟುತ್ತದೆ. ಆಸ್ಟ್ರೇಲಿಯಾದ ಪಾಲ್ ವೈಲ್ಡ್ 1950ರಲ್ಲಿ ಇವನ್ನು ಮೂರನೇ ಬಗೆಯ ಸ್ಫೋಟ ಎಂದು ವರ್ಗೀಕರಿಸಿದರು. ಮೈಸೂರು ಆಕಾಶವಾಣಿಯ ಎಫ್‌ಎಂ ಕೇಳಿಸುವ 100.6 ಮೆಗಾಹರ್ಟ್ಸ್ ಕೂಡ ಈ ಪಟ್ಟಿಯೊಳಗೇ ಬರುತ್ತದೆ. ಸೂರ್ಯನೂ ಆಗಾಗ ಅದೇ ಜಾಗದಲ್ಲಿ ಪ್ರಸಾರ ಮಾಡುತ್ತಾನೆ, ನಮ್ಮ ರೇಡಿಯೋಗೆ ಹಾಡೇ ಮುಖ್ಯವಾದ್ದರಿಂದ ಕೇಳುವುದಿಲ್ಲ. ಎಫ್‌ಎಂ ಕೇಂದ್ರಗಳು ಹೆಚ್ಚಿದಷ್ಟೂ ಇಂಥ ವೀಕ್ಷಣಾಲಯಗಳಿಗೆ ಕಾಟ ಹೆಚ್ಚು.

ಎರಡೂ ತುದಿಯ ಲೆಕ್ಕ ತಾಳೆ ನೋಡಿದವರಿಗೆ ಇನ್ನೊಂದು ಬೆರಗು ಕಾದಿತ್ತು. ಕೆಳಗೆ ಬಡಿದ ಎಲೆಕ್ಟ್ರಾನುಗಳ ಎದುರು ಪರಾರಿಯಾದವು ಸಾವಿರಕ್ಕೆ ಒಂದೆರಡು ಮಾತ್ರ. ಒಂದೇ ಯಂತ್ರ ಎರಡೂ ಕಡೆ ಎಸೆಯುತ್ತಿದ್ದರೆ ಇಷ್ಟು ಪಕ್ಷಪಾತ ಏಕೆ ಎನ್ನುವುದಕ್ಕೆ ಯಂತ್ರದ ಯಾವ ಮಾದರಿಯಾದರೂ ಉತ್ತರ ಹೇಳಬೇಕಾಗುತ್ತದೆ.

ಟಿವಿ ವಾಹಿನಿಗಳಿಗೆ ಒಂದು ಮಾತು. ಜ್ವಾಲೆಯೇ ಬೇರೆ, ಸೌರ ಚಂಡಮಾರುತವೇ ಬೇರೆ. ಜ್ವಾಲೆಯ ಕ್ಷ-ಕಿರಣ ಎಂಟು ನಿಮಿಷ ಚಿಲ್ಲರೆಯಲ್ಲಿ ಬಂದು, ಹಗಲಿರುವ ಕಡೆ ಶಾರ್ಟ್‌ವೇವ್ ರೇಡಿಯೋ ಕೆಡಿಸಿ ಹೋಗುತ್ತದೆ. 2024ರ ಮೇ 10-11ರಂದು ಲಡಾಖಿನ ಹಾನ್ಲೆಯಲ್ಲಿ ಆಕಾಶ ಕೆಂಪಾದದ್ದು, ಅಮೆರಿಕದಲ್ಲಿ ಬಿತ್ತನೆಯ ಜಿಪಿಎಸ್ ಟ್ರ್ಯಾಕ್ಟರುಗಳು ದಾರಿ ತಪ್ಪಿ ನಿಂತದ್ದು, ಜ್ವಾಲೆಗಳ ಜೊತೆಗೆ ಚಿಮ್ಮಿದ ದ್ರವ್ಯದ ಮೋಡಗಳು ಒಂದೆರಡು ದಿನ ಪಯಣಿಸಿ ಬಂದು ಬಡಿದದ್ದರಿಂದ. ಎರಡನ್ನೂ ಕಲಸಿ ಪ್ರಳಯದ ಸಂಗೀತ ಹಾಕುವುದು ಬೇಡ.

ಆದಿತ್ಯ-ಎಲ್1ರ ದತ್ತಾಂಶ ಬೆಂಗಳೂರಿನ ಹೊರವಲಯದ ಬ್ಯಾಲಾಳುವಿನ ಕೇಂದ್ರದಲ್ಲಿದೆ. ಇಸ್ರೊದ ಪ್ರದಾನ್ ಜಾಲತಾಣದಲ್ಲಿ ಹೆಸರು ನೋಂದಾಯಿಸಿದರೆ ಯಾರಿಗೆ ಬೇಕಾದರೂ ಉಚಿತವಾಗಿ ಸಿಗುತ್ತದೆ. ಮಂಡ್ಯ, ಮದ್ದೂರು, ಮಳವಳ್ಳಿಯ ಕಾಲೇಜುಗಳ ಭೌತಶಾಸ್ತ್ರ ಅಧ್ಯಾಪಕರೇ, ಈ ವರ್ಷದ ಬಿ.ಎಸ್ಸಿ. ಪ್ರಾಜೆಕ್ಟಿಗೆ ಹಳೆಯ ಫೈಲುಗಳನ್ನೇ ಮತ್ತೆ ನಕಲು ಮಾಡಿಸುವ ಬದಲು ಹೀಲಿಯೋಸ್ ಮತ್ತು ಸೋಲೆಕ್ಸ್ ಎರಡರ ದಾಖಲೆಯೂ ಇರುವ ಒಂದು ಜ್ವಾಲೆಯನ್ನು ವಿದ್ಯಾರ್ಥಿಗಳ ಕೈಗೆ ಕೊಡಿ, ನ್ಯೂಪರ್ಟ್ ಹೇಳಿದ್ದು ಅದರಲ್ಲಿ ನಿಲ್ಲುತ್ತದೆಯೋ ಇಲ್ಲವೋ ಅವರೇ ನೋಡಲಿ.